ಡ್ಯೂನ್‌ಗೆ ಕ್ಯಾಮೆರಾ ಆಸ್ಕರ್ ತಪ್ಪಿದ್ದು ಸರಿಯಾ? ಗ್ರಾಫಿಕ್ಸ್ ಜಾಸ್ತಿ ಇದ್ರೆ ಅದು ಛಾಯಾಗ್ರಹಣ ಅಲ್ವಾ?

ಮಾಟುಂಗಾ ಮಾಣಿ (ಮುಂಬೈ):

ಸೋಮವಾರ ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು ಎದ್ದದ್ದು ಮಾರಾಯ್ರೆ. ಮನೆಯವರ ನಿದ್ದೆ ಕೆಡಬಾರದು ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು 2025ರ ಆಸ್ಕರ್ ನೋಡಿದೆ. ಛಾಯಾಗ್ರಹಣದ ಹೆಸರು ಓದುವಾಗ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯ್ತು. 'ದಿ ಬ್ರೂಟಲಿಸ್ಟ್', ಲೋಲ್ ಕ್ರಾಲಿ.

ಕೆಟ್ಟ ಕೆಲಸ ಅಂತ ನಾನು ಹೇಳುವುದಿಲ್ಲ, ಸಿನಿಮಾ ಚಂದವೇ ಉಂಟು. ಆದರೆ 'ಡ್ಯೂನ್' ಎರಡನೇ ಭಾಗದಲ್ಲಿ ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಮಾಡಿದ್ದು ಎಂತ ಹಾಗಾದ್ರೆ? ಕಪ್ಪು ಸೂರ್ಯನ ಕೆಳಗಿನ ಆ ಅಖಾಡದ ದೃಶ್ಯ ನೆನಪು ಮಾಡಿಕೊಳ್ಳಿ. ಅದು ಬರೀ ಬಣ್ಣ ಇಳಿಸಿದ ಕಪ್ಪುಬಿಳುಪು ಅಲ್ಲ. ಕ್ಯಾಮೆರಾವನ್ನೇ ಮಾರ್ಪಾಡು ಮಾಡಿ ಇನ್‌ಫ್ರಾರೆಡ್‌ನಲ್ಲಿ, ಅಂದ್ರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದದ್ದು. ಮೈಚರ್ಮ ಮೊಟ್ಟೆ ಸಿಪ್ಪೆಯ ಹಾಗೆ, ಕಣ್ಣು ಮಸಿಯ ಹಾಗೆ. ಇನ್‌ಫ್ರಾರೆಡ್‌ನಲ್ಲಿ ಕೆಲವು ಕಪ್ಪು ಬಟ್ಟೆ ಬೆಳ್ಳಗೆ ಕಾಣ್ತದೆ, ಹಾಗಾಗಿ ವೇಷಭೂಷಣದವರೂ ಕ್ಯಾಮೆರಾದವನನ್ನು ಕೇಳಿಯೇ ಬಟ್ಟೆ ಆರಿಸಬೇಕು. ಇದು ಛಾಯಾಗ್ರಹಣ ಅಲ್ಲದಿದ್ರೆ ಮತ್ತೆ ಯಾವುದು?

ಸಿಕ್ಕಿದ್ದು ಸೌಂಡು, ವಿಷುವಲ್ ಎಫೆಕ್ಟ್ಸು, ಎರಡೇ. "ಗ್ರಾಫಿಕ್ಸ್ ಸಿನಿಮಾ ಅಲ್ವಾ, ಗ್ರಾಫಿಕ್ಸಿನದ್ದು ಕೊಟ್ಟಾಯ್ತಲ್ಲ" ಅಂತ ಆಫೀಸಿನಲ್ಲಿ ಒಬ್ರು ಹೇಳಿದ್ರು. ಆ ಮಾತು ಇನ್ನೂ ತಲೆಯಲ್ಲಿ ಕೊರೀತಾ ಉಂಟು.


ಠಾಣೆ ತಿಂಡಿಪೋತ:

ಮೊದಲ ಭಾಗಕ್ಕೆ 2022ರಲ್ಲಿ ಅವನಿಗೇ ಕೊಟ್ಟಿದ್ರಲ್ಲ. ಒಂದೇ ಹೋಟೆಲಿನಲ್ಲಿ ಎರಡನೇ ಸಲ ಫ್ರೀ ಸಾಂಬಾರ್ ಕೇಳಿದ ಹಾಗಾಯ್ತು.


ಮಾಟುಂಗಾ ಮಾಣಿ:

ಮಾಟುಂಗಾಕ್ಕೆ ಬನ್ನಿ ಒಮ್ಮೆ. ಮೂರನೇ ಸಲ ಕೇಳಿದರೂ ಹಾಕ್ತಾರೆ.


ಕೊತ್ರೂಡ್ ಧಾರವಾಡ (ಪುಣೆ):

ಅಲ್ರೀ ಮಾಣಿ, ಸಿಟ್ಟಿಗೇಳಬ್ಯಾಡ್ರಿ. ನಾ ಬ್ರೂಟಲಿಸ್ಟ್ ಪಾರ್ಟಿ. ಒಂದು ಕೋಟಿ ಡಾಲರಿನ ಆಸುಪಾಸಿನಾಗ ಮೂರೂವರೆ ತಾಸಿನ ಸಿನಿಮಾ ಮುಗಿಸ್ಯಾರ. ಅದೂ ವಿಸ್ಟಾವಿಷನ್‌ನಾಗ. 1954ರಾಗ ಪ್ಯಾರಾಮೌಂಟ್‌ನವರು ತಂದ ಪದ್ಧತಿ ಅದು. ರೀಲು ಮ್ಯಾಲಿಂದ ಕೆಳಗ ಇಳಿಯೂದಿಲ್ಲ, ಅಡ್ಡ ಹರಿತೈತಿ. ಒಂದು ಫ್ರೇಮಿಗೆ ರೀಲಿನ ಅಂಚಿನ ಎಂಟು ತೂತು, ಸಾದಾ 35 ಎಂಎಂಗಿಂತ ಎರಡು ಪಟ್ಟಿಗೂ ದೊಡ್ಡ ನೆಗೆಟಿವ್. 1961ರ ನಂತರ ಅಮೆರಿಕದಾಗ ಪೂರಾ ಸಿನಿಮಾ ಅದರಾಗ ತೆಗೆಯೂದೇ ನಿಂತುಹೋಗಿತ್ತು. ಆ ಮುದಿ ಕ್ಯಾಮೆರಾ ಹುಡುಕಿ ತಂದು ಕಾಂಕ್ರೀಟಿನ ಮ್ಯಾಲೆ ಬೀಳೂ ಬಿಸಲು ಹಿಡದಾರ. ಬಿಸಲು ಅಲ್ಲೇ ಇತ್ತು, ಗ್ವಾಡಿ ಅಲ್ಲೇ ಇತ್ತು.

ಡ್ಯೂನಿನಾಗ ಆ ಮರಳಿನ ದೈತ್ಯ ಹುಳ ಎಲ್ಲಿತ್ರೀ? ಇಲ್ಲದ ಹುಳದ ಬೆನ್ನ ಮ್ಯಾಲೆ ಬಿದ್ದ ಇಲ್ಲದ ಬಿಸಲಿಗೆ ಯಾರನ್ನ ಕರದು ಹಾರ ಹಾಕೂದು?

ಇದು ಇವತ್ತಿನ ಜಗಳ ಅಲ್ಲ. 2010ರಿಂದ 2014ರ ತನಕ ಐದು ವರ್ಷ ಸಾಲಾಗಿ ಛಾಯಾಗ್ರಹಣಕ್ಕೂ ಎಫೆಕ್ಟ್ಸಿಗೂ ಒಂದೇ ಸಿನಿಮಾ ಗೆದ್ದೈತಿ: 'ಅವತಾರ್', 'ಇನ್ಸೆಪ್ಷನ್', 'ಹ್ಯೂಗೋ', 'ಲೈಫ್ ಆಫ್ ಪೈ', 'ಗ್ರಾವಿಟಿ'. ಎರಡೂ ಬ್ಯಾರೆ ಬ್ಯಾರೆ ಕಲೆ ಅಂದ್ರ ಎರಡಕ್ಕೂ ಐದು ವರ್ಷ ಒಂದೇ ಹೆಸರು ಹ್ಯಾಂಗ ಬಂತು? ಮತ ಹಾಕಾವರಿಗೆ ಚಂದ ಕಂಡದ್ದೆಲ್ಲಾ ಕ್ಯಾಮೆರಾದವಂದೇ ಅನಿಸೇತಿ. ಅವತಾರ್ ವರ್ಷ ಅಮೆರಿಕದ ಛಾಯಾಗ್ರಾಹಕರ ಸ್ವಂತ ಸಂಘ ಬಹುಮಾನ ಕೊಟ್ಟಿದ್ದು 'ದಿ ವೈಟ್ ರಿಬ್ಬನ್'ಗೆ. ಕಸುಬು ಗೊತ್ತಿದ್ದವರು ಒಂದು ಕಡೆ, ಅಕಾಡೆಮಿ ಒಂದು ಕಡೆ.


ವಾಸ್ಕೋ ವಿಜಾಪುರ (ಗೋವಾ):

ಧಾರವಾಡದವರೇ, ಅಲ್ಲೊಂದು ಸೂಕ್ಷ್ಮ ಐತಿ. ಆಸ್ಕರ್‌ನಾಗ ನಾಮನಿರ್ದೇಶನ ಮಾಡೋರು ಛಾಯಾಗ್ರಾಹಕರೇ. ಕೊನೆ ಮತ ಮಾತ್ರ ಎಲ್ಲಾ ಸದಸ್ಯರದ್ದು: ನಟರು, ಎಡಿಟರು, ಪ್ರಚಾರದವರು, ಯಾರೂ ಹಾಕಬಹುದು. ಅಂದ್ರ ಡ್ಯೂನನ್ನ ಐದರ ಪಟ್ಟಿಗೆ ಸೇರಿಸಿದವರು ನಿಮ್ಮ ಕಸುಬಿನವರೇ.

ಮತ್ತ ನಿಮ್ಮ ವೈಟ್ ರಿಬ್ಬನ್? ಅದನ್ನ ಬಣ್ಣದ ಫಿಲ್ಮಿನಾಗ ತೆಗೆದು ಆಮ್ಯಾಲೆ ಕಂಪ್ಯೂಟರ್‌ನಾಗ ಬಣ್ಣ ಬಸಿದಾರ. ಹಿಂಗಾದ್ರ 'ಶುದ್ಧ' ಅಂಬೋದು ಯಾವ ಗ್ಲಾಸಿನಾಗ ಸಿಗತೈತಿ ಹೇಳ್ರಿ.


ಕೊತ್ರೂಡ್ ಧಾರವಾಡ:

ಹೊಡದ್ರಿ. ಆದ್ರ ಬಣ್ಣ ಬಸಿಯೋದು ಬ್ಯಾರೆ, ಇಲ್ಲದ್ದನ್ನ ಹುಟ್ಟಿಸೋದು ಬ್ಯಾರೆ.


ವಾಸ್ಕೋ ವಿಜಾಪುರ:

ಹುಟ್ಟಿಸಿದ್ದಕ್ಕೇ ಬರೋಣ. ಛಾಯಾಗ್ರಾಹಕ ಎಮ್ಯಾನುಯೆಲ್ ಲುಬೆಜ್ಕಿ. 'ಗ್ರಾವಿಟಿ'ಯ ಎಷ್ಟೋ ಶಾಟಿನಾಗ ನಿಜವಾಗಿ ಕ್ಯಾಮೆರಾ ಮುಂದ ಇದ್ದದ್ದು ನಟಿಯ ಮುಖ ಒಂದೇ. ಬಾಹ್ಯಾಕಾಶ, ನೌಕೆ, ಅಂಗಿ ಸುದ್ಧಾ ಕಂಪ್ಯೂಟರಿನದ್ದು. ಆ ಮುಖದ ಮ್ಯಾಲೆ ಭೂಮಿ ಹೊಳಪು ಬೀಳಬೇಕಲ್ಲ? ಅದಕ್ಕ ಒಂದು ಕೋಣಿಯಷ್ಟು ಪೆಟ್ಟಿಗೆ ಕಟ್ಟಿ, ಒಳಗೋಡಿಗೆಲ್ಲಾ ಎಲ್‌ಇಡಿ ಮೆತ್ತಿ, ನಟಿನ ನಡುವ ಕಟ್ಟಿ ನಿಲ್ಲಿಸಿ, ಭೂಮಿ ಚಿತ್ರನ ಗ್ವಾಡಿ ಮ್ಯಾಲೆ ತಿರುಗಿಸ್ಯಾರ. ಆಕಿ ತಿರುಗಲಿಲ್ಲ, ಬೆಳಕು ತಿರುಗಿತು. ಆ ಬೆಳಕು ಎಷ್ಟಿರಬೇಕು, ಎಷ್ಟು ನೀಲಿ ಇರಬೇಕು ಅಂತ ಲುಬೆಜ್ಕಿ ಶೂಟಿಂಗಿಗಿಂತ ಎಷ್ಟೋ ಮೊದಲೇ ಕಂಪ್ಯೂಟರ್ ಮುಂದ ಕೂತು ತೀರ್ಮಾನ ಮಾಡಿದ್ದ.

ಅದೇ ಮನಷ್ಯಾ ಎರಡು ವರ್ಷದ ಮ್ಯಾಲೆ 'ದಿ ರೆವೆನೆಂಟ್'ನಾಗ ಹಿಮದಾಗ ನಿಂತು ಹೆಚ್ಚೂಕಡಿಮಿ ಬರೀ ಆಕಾಶದ ಬೆಳಕಿನಾಗ ತೆಗದ. ನಡುವ 'ಬರ್ಡ್‌ಮನ್'. ಮೂರು ವರ್ಷ ಸಾಲಾಗಿ ಮೂರು ಆಸ್ಕರ್. ಪೆಟ್ಟಿಗಿಯೊಳಗ ಒಬ್ಬ, ಹಿಮದಾಗ ಒಬ್ಬ ಅಂತ ಇಬ್ಬರು ಲುಬೆಜ್ಕಿ ಅದಾರೇನು?

(ಇಫಿ ಚಿತ್ರೋತ್ಸವದ ಟೈಮಿನಾಗ ಪಣಜಿ ಐನಾಕ್ಸ್ ಮುಂದಿನ ಸಾಲಿನಾಗ ಇದೇ ಜಗಳ ಒಬ್ಬ ಮಲಯಾಳಿ ಜೋಡಿ ಆಡೀನಿ. ಸಾಲು ಸರಿದದ್ದು ಗೊತ್ತಾಗದ ಇಬ್ಬರಿಗೂ ಸೀಟು ಸಿಗಲಿಲ್ಲ.)


ವಾಶಿ ಲೋಕಲ್:

ನನ್ನದೊಂದು ಸಲಹೆ. ಎರಡು ಮಾಡಿಬಿಡಿ. 'ನೈಜ ಛಾಯಾಗ್ರಹಣ' ಒಂದು, 'ಎಫೆಕ್ಟ್ಸ್ ಛಾಯಾಗ್ರಹಣ' ಒಂದು. ಜಗಳವೇ ಇಲ್ಲ.


ಡೊಂಬಿವಲಿ ಅಜ್ಜ:

ಎರಡು ಮಾಡಿದ್ದರು ಸ್ವಾಮಿ. 1939ರಿಂದ 1966ರ ತನಕದ ಚಿತ್ರಗಳಿಗೆ, ನಡುವೆ ಒಂದು ವರ್ಷ ಬಿಟ್ಟರೆ, ಕಪ್ಪುಬಿಳುಪಿಗೆ ಬೇರೆ, ಬಣ್ಣಕ್ಕೆ ಬೇರೆ ಆಸ್ಕರ್ ಇತ್ತು. ಆಮೇಲೆ ಒಂದೇ ಮಾಡಿದರು. ಯಾಕೆಂದರೆ ಕಪ್ಪುಬಿಳುಪಿನಲ್ಲಿ ತೆಗೆಯುವವರೇ ಕಡಿಮೆಯಾದರು. ಈಗ ಎಫೆಕ್ಟ್ಸ್ ಇಲ್ಲದ ಸಿನಿಮಾಕ್ಕೆ ಬೇರೆ ವಿಭಾಗ ಮಾಡಿದರೆ ಅದಕ್ಕೂ ಅದೇ ಗತಿ. ಟಿವಿ ಆಂಟೆನಾ, ವಿದ್ಯುತ್ ತಂತಿ, ಹೆಜ್ಜೆ ಗುರುತು ಅಳಿಸದ ಸಿನಿಮಾ ಈಗ ಯಾವುದಿದೆ?

ಮಾತು ಬಂದಿದ್ದಕ್ಕೆ ನಮ್ಮೂರಿನ ವಿಷಯ ಹೇಳುತ್ತೇನೆ. ನಾನು ಮೈಸೂರಿನವನು, ಮುಂಬೈಗೆ ಬಂದು ಐವತ್ತು ವರ್ಷದ ಮೇಲಾಯಿತು. ವಿ. ಕೆ. ಮೂರ್ತಿಯವರೂ ಮೈಸೂರಿನವರೇ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಬೊಂಬಾಯಿಗೆ ಬಂದವರು. ಗುರುದತ್ ಅವರ ಕಣ್ಣೇ ಇವರಾಗಿದ್ದರು. 'ಕಾಗಜ್ ಕೇ ಫೂಲ್' 1959ರದ್ದು, ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಒಳಗೆ ಮಾಡಿನಿಂದ ನೆಲದವರೆಗೆ ಬೆಳಕಿನ ಕೋಲು ಇಳಿಯುತ್ತದಲ್ಲ, ನಾಯಕ ಒಂದು ಕಡೆ, ನಾಯಕಿ ಒಂದು ಕಡೆ. ಅಂಥ ನೇರ ಕೋಲು ಸ್ಟುಡಿಯೋ ದೀಪದಲ್ಲಿ ಬರುವುದಿಲ್ಲ, ದೀಪದ ಬೆಳಕು ಹರಡಿಕೊಳ್ಳುತ್ತದೆ. ಮೂರ್ತಿ ದೊಡ್ಡ ಕನ್ನಡಿ ತರಿಸಿದರು. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಲ್ಲಿ ಹಿಡಿದು ಇನ್ನೊಂದಕ್ಕೆ ಕೊಟ್ಟು ಒಳಗೆ ಇಳಿಸಿದರು.

ಸೂರ್ಯ ಸ್ಟುಡಿಯೋದ ಒಳಗೆ ಇರಲಿಲ್ಲ. ಧಾರವಾಡದವರ ಲೆಕ್ಕದಲ್ಲಿ ಅದೂ ಇಲ್ಲದ ಬಿಸಿಲೇ. ಆ ಚಿತ್ರ ಓಡಲಿಲ್ಲ, ಆದರೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.


ಮಾಟುಂಗಾ ಮಾಣಿ:

ಅಜ್ಜ, ನಮಸ್ಕಾರ. ಇದು ಗೊತ್ತಿರಲಿಲ್ಲ. ನಾಳೆ ಆಫೀಸಿನವನಿಗೆ ಇದನ್ನೇ ಹೇಳ್ತೇನೆ.


ಕೊತ್ರೂಡ್ ಧಾರವಾಡ:

ಅಜ್ಜಾರ, ಕೈ ಮುಗೀತೀನಿ, ಆದ್ರ ಒಪ್ಪಂಗಿಲ್ಲ. ಕನ್ನಡಿ ಹಿಡದಾವರು ಮೂರ್ತಿಯವರು. ಸೂರ್ಯ ಸರಿದ್ರ ಕನ್ನಡಿ ಸರಸಬೇಕು, ಮೋಡ ಬಂದ್ರ ಕಾಯಬೇಕು. ಅಲ್ಲಿ ಅಂಜಿಕಿ ಐತಿ. ಕಂಪ್ಯೂಟರಿನಾಗ ಸೂರ್ಯಾನ್ನ ಮೌಸಿನಿಂದ ಎಳದು ಬೇಕಾದಲ್ಲಿ ಕೂಡಸಬಹುದು. ತಪ್ಪಾದ್ರ ಹಿಂದಕ್ಕ ಹೋಗಬಹುದು. ಅಂಜಿಕಿ ಇಲ್ಲದ ಕಡೆ ಏನ್ ಕಲೆ?


ಠಾಣೆ ತಿಂಡಿಪೋತ:

ಅಂಜಿಕೆ ಬೇಕಂದ್ರೆ ದಾದರ್‌ನಲ್ಲಿ ಸಂಜೆ ಏಳಕ್ಕೆ ವಿರಾರ್ ಫಾಸ್ಟ್ ರೈಲು ಹತ್ತಿ ನೋಡಿ.


ರಾತ್ರಿಪಾಳಿ (ಮಲಾಡ್):

ಓದ್ತಾ ಇದ್ದೆ, ಸುಮ್ನಿರೋಣ ಅಂದ್ಕೊಂಡೆ, ಮೌಸಿನ ಮಾತು ಬಂತು. ನಾನು ಆ ಮೌಸು ಹಿಡಿಯೋನು. ಎಂಟು ವರ್ಷ ಆಯ್ತು. ಮೊದಲು ರೋಟೋ, ಅಂದ್ರೆ ಚಿತ್ರದಿಂದ ಆಕಾರ ಬೇರೆ ಮಾಡೋದು, ಈಗ ಲೈಟಿಂಗ್, ಅಂದ್ರೆ ಕಂಪ್ಯೂಟರಲ್ಲಿ ಬೆಳಕು ಹಾಕೋದು. ಕಂಪನಿ ಹೆಸರು ಹೇಳಲ್ಲ, ಕರಾರಿದೆ.

ಅಂಜಿಕೆ ಬಗ್ಗೆ ಮೊದಲು. ಸಿನಿಮಾ ಸೆಕೆಂಡಿಗೆ 24 ಫ್ರೇಮು. ಆರು ಸೆಕೆಂಡಿನ ಶಾಟ್ ಅಂದ್ರೆ 144 ಚಿತ್ರ. ನಾಯಕಿ ತಲೆ ತಿರುಗಿಸ್ತಾಳೆ, ಕೂದಲು ಹಾರುತ್ತೆ, ಹಿಂದಿನ ಪರದೆಯಿಂದ ಆ ಕೂದಲನ್ನ ಬೇರೆ ಮಾಡಬೇಕು. ಪ್ರತಿ ಫ್ರೇಮಿನಲ್ಲೂ ಅಂಚು ಹಿಡಿದು ಗೆರೆ ಎಳೀಬೇಕು. ಗೆರೆ ಒಂದು ಪಿಕ್ಸೆಲ್ ಅಲ್ಲಾಡಿದ್ರೆ ತಲೆ ಸುತ್ತ ಅಂಚು ಕುದಿಯೋ ಹಾಗೆ ಕಾಣುತ್ತೆ. ಬೆಳಗ್ಗೆ ಲಂಡನ್ನಿನವರು ಎದ್ದು ನೋಡಿ ವಾಪಸ್ ಕಳಿಸ್ತಾರೆ. ಹಿಂದಕ್ಕೆ ಹೋಗಬಹುದು ಅಂದ್ರಲ್ಲ, ನಿಜ, ಹಿಂದಕ್ಕೇ ಹೋಗ್ತಾ ಇರ್ತೀವಿ.

ಆದ್ರೆ ನಾನು ಹೇಳಬೇಕಾಗಿದ್ದು ಇದಲ್ಲ. ಧಾರವಾಡದವರು ವಿಸ್ಟಾವಿಷನ್ ಹೊಗಳಿದ್ರಲ್ಲ, ಆ ಕ್ಯಾಮೆರಾ 1961ರ ಮೇಲೂ ಯಾಕೆ ಗುಜರಿಗೆ ಹೋಗಲಿಲ್ಲ ಗೊತ್ತಾ? ಎಫೆಕ್ಟ್ಸಿನವರು ಉಳಿಸಿಕೊಂಡ್ರು. ಹಿಂದೆ ಎರಡು ಚಿತ್ರ ಸೇರಿಸಬೇಕಂದ್ರೆ ಫಿಲ್ಮಿನಿಂದ ಫಿಲ್ಮಿಗೆ ನಕಲು ತೆಗೀಬೇಕಿತ್ತು, ಪ್ರತಿ ನಕಲಿಗೂ ಚಿತ್ರ ಒರಟಾಗ್ತಿತ್ತು. ನೆಗೆಟಿವ್ ದೊಡ್ಡದಿದ್ರೆ ನಷ್ಟ ಕಡಿಮೆ. ಅದಕ್ಕೆ 1977ರ 'ಸ್ಟಾರ್ ವಾರ್ಸ್'ನ ನೌಕೆಗಳನ್ನ ವಿಸ್ಟಾವಿಷನ್ನಿನಲ್ಲೇ ತೆಗೆದ್ರು. ಆಮೇಲೂ ದಶಕಗಟ್ಟಲೆ ಎಫೆಕ್ಟ್ಸ್ ಅಂಗಡಿಗಳಲ್ಲೇ ಆ ಅಡ್ಡ ರೀಲು ಬದುಕಿತು. ನಿಮ್ಮ ಶುದ್ಧ ಬ್ರೂಟಲಿಸ್ಟ್ ಗೆದ್ದಿದ್ದು ನಮ್ಮವರು ಎಣ್ಣೆ ಹಾಕಿ ಕಾಪಾಡಿದ ಪದ್ಧತಿಯಲ್ಲಿ. ಅದೇ ಸಿನಿಮಾದಲ್ಲಿ ನಟರ ಹಂಗೇರಿಯನ್ ಉಚ್ಚಾರಣೆಯನ್ನ ಎಐ ಹಾಕಿ ತಿದ್ದಿದ್ದು ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು, ಅದು ಬೇರೆ.


ಕೊತ್ರೂಡ್ ಧಾರವಾಡ:

ವಿಸ್ಟಾವಿಷನ್ ಮಾತು ಖರೇನ? ...ಖರೇ ಐತಿ, ಈಗ ನೋಡಿದೆ. ಇವತ್ತ ರಾತ್ರಿ ಊಟ ಸೇರೂದಿಲ್ಲ ನನಗ.


ಡೊಂಬಿವಲಿ ಅಜ್ಜ:

ರಾತ್ರಿಪಾಳಿಯವರೇ, ನಿಮ್ಮ ಕುಲ ಹಳೆಯದು. 1930ರ ದಶಕದಲ್ಲೇ ಬಾಬುಭಾಯಿ ಮಿಸ್ತ್ರಿ ಅಂತ ಇದೇ ಬೊಂಬಾಯಿಯಲ್ಲಿ ಕಪ್ಪು ಪರದೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳನ್ನು ಗಾಳಿಯಲ್ಲಿ ತೇಲಿಸಿದರು. ಅವರಿಗೆ 'ಕಾಲಾ ಧಾಗಾ' ಅಂತಲೇ ಹೆಸರು ಬಿತ್ತು. ಪುಣೆಯವರು ಇನ್ನೂ ಹತ್ತಿರದ್ದನ್ನು ನೋಡಬೇಕಿದ್ದರೆ ಅಲ್ಲಿನ ಸಿನಿಮಾ ಶಾಲೆ ಎಫ್‌ಟಿಐಐ ಗೇಟಿನ ಒಳಗೆ ಹೋಗಲಿ. ಅದು ಪ್ರಭಾತ್ ಸ್ಟುಡಿಯೋ ಇದ್ದ ಜಾಗ. 1936ರಲ್ಲಿ ಸಂತ ತುಕಾರಾಮರನ್ನು ವೈಕುಂಠಕ್ಕೆ ಒಯ್ದ ವಿಮಾನ ಹಾರಿದ್ದು ಆ ಕಂಪನಿಯ ಚಿತ್ರದಲ್ಲೇ.

ನಮ್ಮ 'ಬಭ್ರುವಾಹನ' ಬಿಡುತ್ತೀರಾ? 1977. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್, ಎದುರುಬದುರು ನಿಂತು ಒಬ್ಬರ ಮೇಲೊಬ್ಬರು ಹಾಡು ಕಟ್ಟುತ್ತಾರೆ. ಆಗ ದ್ವಿಪಾತ್ರ ಅಂದರೆ ಲೆನ್ಸಿನ ಅರ್ಧ ಮುಚ್ಚಿ ತೆಗೆದು, ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯುವುದು. ನಡುವೆ ಬೆಳಕು ಒಂದು ಕೂದಲು ಬದಲಾದರೂ ಗೆರೆ ಕಂಡುಬಿಡುತ್ತದೆ. ಅದನ್ನು ಮಾಡುತ್ತಿದ್ದವರು ಯಾರು? ಕ್ಯಾಮೆರಾದವರೇ. ಎಫೆಕ್ಟ್ಸ್ ಅಂತ ಬೇರೆ ಮನೆ ಮಾಡಿಕೊಂಡು ಹೋಗಿದ್ದು ಆಮೇಲೆ.


ವಾಸ್ಕೋ ವಿಜಾಪುರ:

ಕನ್ನಡದ ಮಾತು ಬಂತಂದ್ರ ಕೆಜಿಎಫ್. ಮೊದಲ ಭಾಗಕ್ಕ 66ನೇ ರಾಷ್ಟ್ರಪ್ರಶಸ್ತಿಯೊಳಗ ಸ್ಪೆಷಲ್ ಎಫೆಕ್ಟ್ಸಿಗೆ ಬಂತು, ತೆಲುಗಿನ 'ಆ!' ಜೋಡಿ ಹಂಚಿಕೊಂಡು. ಸಾಹಸಕ್ಕೂ ಬಂತು. ಛಾಯಾಗ್ರಹಣ ಮಾತ್ರ ಮಲಯಾಳದ 'ಓಳು'ಗೆ, ಎಂ. ಜೆ. ರಾಧಾಕೃಷ್ಣನ್ ಅವರಿಗೆ. ಭುವನ್ ಗೌಡರ ಆ ಧೂಳು, ಆ ಮಸಿ ಹಿಡಿದ ಬಿಸಲು ಎಫೆಕ್ಟ್ಸಿನ ಲೆಕ್ಕಕ್ಕ ಹೋತೋ ಕ್ಯಾಮೆರಾ ಲೆಕ್ಕಕ್ಕ ಹೋತೋ? ನಮ್ಮ ಜುವಾರಿನಗರದಾಗ ಆ ಸಿನಿಮಾ ನೋಡಿ ಬಂದ ಗೌಂಡಿ ಹುಡುಗರು ಮೂರು ದಿನ ಕೆಲಸದ ಮ್ಯಾಲೆ ಅದೇ ಧೂಳಿನ ಸುದ್ದಿ ಆಡಿದ್ರು. ತಾವೂ ಧೂಳಿನಾಗೇ ನಿಂತವರು.


ಮಾಟುಂಗಾ ಮಾಣಿ:

ಓಳು ಕೂಡ ಒಳ್ಳೆಯದೇ. ರಾಧಾಕೃಷ್ಣನ್ ಅವರಿಗೆ ಆ ಪ್ರಶಸ್ತಿ ಘೋಷಣೆ ಆದದ್ದು ತೀರಿಕೊಂಡ ಮೇಲೆ. ಅವರ ಜೊತೆ ಜಗಳ ಬೇಡ.


ವಾಶಿ ಲೋಕಲ್:

ರಾತ್ರಿಪಾಳಿ, ಒಂದು ನೇರ ಪ್ರಶ್ನೆ. ನಿಮ್ಮ ಪ್ರಕಾರ ಪ್ರಶಸ್ತಿ ಯಾರಿಗೆ ಸೇರಬೇಕು? ಬೆಳಕು ಹಾಕಿದ್ದು ನೀವು ಅಂದ್ರೆ ಛಾಯಾಗ್ರಾಹಕನಿಗೆ ಯಾಕೆ?


ರಾತ್ರಿಪಾಳಿ:

ಇದಕ್ಕೆ ಉತ್ತರ ಕೊಡೋದು ಕಷ್ಟ, ನನಗೇ ಎರಡು ಮನಸ್ಸು.

ಕೆಟ್ಟ ಉದಾಹರಣೆ ಮೊದಲು. ಲೈಫ್ ಆಫ್ ಪೈ. ಹುಲಿ ಮಾಡಿದ ರಿದಂ ಅಂಡ್ ಹ್ಯೂಸ್ ಕಂಪನಿ 2013ರ ಫೆಬ್ರವರಿ ನಡುವಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳ 24ಕ್ಕೆ ಆಸ್ಕರ್. ವೇದಿಕೆ ಮೇಲೆ ಎಫೆಕ್ಟ್ಸಿನವರು ಕಂಪನಿ ಕಷ್ಟ ಹೇಳೋಕೆ ಬಾಯಿ ತೆಗೆದಾಗ 'ಜಾಸ್' ಸಿನಿಮಾದ ಶಾರ್ಕ್ ಮ್ಯೂಸಿಕ್ ಹಾಕಿ ಮಾತು ನಿಲ್ಲಿಸಿದ್ರು. ಹೊರಗೆ ಬೀದಿಯಲ್ಲಿ ಅದೇ ಕಸುಬಿನವರು ಬೋರ್ಡ್ ಹಿಡಿದು ನಿಂತಿದ್ರು. ಆ ಕಂಪನಿಗೆ ಮುಂಬೈಯಲ್ಲೂ ಶಾಖೆ ಇತ್ತು. ಅದೇ ರಾತ್ರಿ ಛಾಯಾಗ್ರಹಣದ ಆಸ್ಕರ್ ಕ್ಲಾಡಿಯೋ ಮಿರಾಂಡಾಗೆ ಹೋಯ್ತು. ನಮ್ಮ ಕೆಲಸಕ್ಕೆ ಇನ್ನೊಬ್ಬ ಹಾರ ಹಾಕಿಸಿಕೊಂಡ ಅಂತ ನಮ್ಮಲ್ಲಿ ಈಗಲೂ ಬೈಯ್ಯೋರು ಇದಾರೆ. ಕ್ರಿಸ್ಟೋಫರ್ ಡಾಯ್ಲ್‌ನಂಥ ದೊಡ್ಡ ಛಾಯಾಗ್ರಾಹಕನೂ ಆ ಪ್ರಶಸ್ತಿಯನ್ನ ಬಾಯಿಗೆ ಬಂದ ಹಾಗೆ ಬೈದಿದ್ದ.

ನನ್ನದೇ ಒಂದು. ಹೋದ ವರ್ಷ ನಾವು ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದ ಸಿನಿಮಾ ಬಂತು. ಅಮ್ಮನ್ನ ಕರ್ಕೊಂಡು ಹೋದೆ. ಸಿನಿಮಾ ಮುಗೀತು, ದೀಪ ಹಾಕಿದ್ರು, ಪಾಪ್‌ಕಾರ್ನ್ ಗುಡಿಸೋರು ನಮ್ಮ ಸಾಲಿಗೆ ಬಂದ್ರು, ನಾವು ಇನ್ನೂ ಹೆಸರು ಓದ್ತಾ ಕೂತಿದ್ವಿ. ಊಟ ಒದಗಿಸಿದವರ ಹೆಸರು ಬಂತು. ನಮ್ಮ ಪಾಳಿಯವರದ್ದು ಒಂದೂ ಬರಲಿಲ್ಲ. "ಬೇಗ ಹೋಯ್ತೇನೋ, ನಂಗೆ ಕನ್ನಡಕ ಸರಿ ಇಲ್ಲ" ಅಂದ್ರು ಅಮ್ಮ.

ಇಷ್ಟಾದ್ರೂ ನಾನು ಮಾಣಿಯವರ ಕಡೆ. ಯಾಕಂದ್ರೆ ಒಳ್ಳೆ ಛಾಯಾಗ್ರಾಹಕ ಇದ್ದ ಶಾಟ್ ಬೇರೆ, ಇಲ್ಲದ ಶಾಟ್ ಬೇರೆ ಅಂತ ಫೈಲ್ ತೆರೆದ ಕೂಡಲೇ ಗೊತ್ತಾಗುತ್ತೆ. ಕೆಲವು ಶೂಟಿಂಗಲ್ಲಿ ಆಮೇಲೆ ಬೇರೆ ಹಿನ್ನೆಲೆ ಕೂರಿಸೋಕೆ ಅಂತ ಸುತ್ತ ಹಸಿರು ಪರದೆ ಕಟ್ಟಿ, ಎಲ್ಲಾ ಕಡೆಯಿಂದ ಸಮ ಬೆಳಕು ಸುರಿದು, 'ಮಿಕ್ಕಿದ್ದು ಮುಂಬೈಯವರು ನೋಡ್ಕೋತಾರೆ' ಅಂತ ಬಿಡ್ತಾರೆ. ಹಸಿರು ಬೆಳಕು ಕೆನ್ನೆಗೆ ತಾಗಿ ಮುಖಕ್ಕೆ ಪಾಚಿ ಹಿಡಿದ ಹಾಗಿರುತ್ತೆ. ಅದನ್ನ ತೊಳೆಯೋದ್ರಲ್ಲೇ ವಾರ ಹೋಗುತ್ತೆ, ಕೊನೆಗೂ ಮನುಷ್ಯ ಅಲ್ಲಿ ನಿಂತ ಹಾಗೆ ಅನ್ಸಲ್ಲ.

ಮೊದಲ ಡ್ಯೂನಲ್ಲಿ ಏನು ಮಾಡಿದ್ರು ನೋಡಿ. ಹಸಿರು ಬೇಡ, ನೀಲಿ ಬೇಡ ಅಂತ ಮರಳಿನ ಬಣ್ಣದ ಪರದೆ ಕಟ್ಟಿದ್ರು. ಕಂದು ಬಣ್ಣವನ್ನ ಕಂಪ್ಯೂಟರಲ್ಲಿ ಉಲ್ಟಾ ಮಾಡಿದ್ರೆ ನೀಲಿ ಆಗುತ್ತೆ, ಹಾಗಾಗಿ ಬೇರ್ಪಡಿಸೋದು ಸುಲಭ. ಆದ್ರೆ ನಿಜವಾದ ಲಾಭ ಅದಲ್ಲ. ಪರದೆಯಿಂದ ಪುಟಿದು ಮುಖಕ್ಕೆ ಬೀಳೋ ಬೆಳಕೂ ಮರಳಿಂದೇ ಆಯ್ತು. ಇಂಥ ಐಡಿಯಾಕ್ಕೆ ಎಫೆಕ್ಟ್ಸಿನವರೂ ಕ್ಯಾಮೆರಾದವರೂ ಒಂದೇ ಮೇಜಲ್ಲಿ ಕೂರಬೇಕು. ಕ್ಯಾಮೆರಾದವನು ಒಲ್ಲೆ ಅಂದಿದ್ರೆ ಆ ಪರದೆ ಗೋಡೌನಲ್ಲೇ ಇರ್ತಿತ್ತು.


ಠಾಣೆ ತಿಂಡಿಪೋತ:

ಊಟದವರ ಹೆಸರು ಬಂದಿದ್ದು ನ್ಯಾಯ. ಮಿಕ್ಕಿದ್ದು ಅನ್ಯಾಯ. ಅಮ್ಮಂಗೆ ನಮಸ್ಕಾರ ಹೇಳಿ.


ಕೊತ್ರೂಡ್ ಧಾರವಾಡ:

ರಾತ್ರಿಪಾಳಿ, ನಿಮ್ಮ ಮಾತಿಗೆ ಮರ್ಯಾದಿ ಐತಿ. ಬ್ರೂಟಲಿಸ್ಟ್ ಗೆದ್ದದ್ದಕ್ಕ ನನಗ ಇವತ್ತೂ ಖುಷಿನ. ಆದ್ರ 'ಎಫೆಕ್ಟ್ಸ್ ಇದ್ರ ಛಾಯಾಗ್ರಹಣ ಅಲ್ಲ' ಅಂದದ್ದನ್ನ ವಾಪಸ್ ತಗೋತೀನಿ. ಅವತಾರ್ ಮಾತ್ರ ಇನ್ನೂ ಗಂಟಲದಾಗ ಇಳಿಯವಲ್ದು. ಮೌರೋ ಫಿಯೋರೆ ನ್ಯೂಜಿಲೆಂಡಿನಾಗ ಮನಷ್ಯಾರ ಭಾಗ ತೆಗದ, ಜನ ಬಾಯಿ ತೆರದು ನೋಡಿದ್ದು ಆ ಕಾಡಿನ್ನ.


ಮಾಟುಂಗಾ ಮಾಣಿ:

ಅವತಾರ್ ನಿಮಗೆ ಬಿಟ್ಟುಕೊಟ್ಟೆ. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಮುಂಬೈಯಲ್ಲೇ ತೆಗೆದ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಛಾಯಾಗ್ರಹಣದ ಆಸ್ಕರ್ ಬಂದಿತ್ತಲ್ಲ. ಬಹುಪಾಲು ಡಿಜಿಟಲ್‌ನಲ್ಲಿ ತೆಗೆದ ಸಿನಿಮಾಕ್ಕೆ ಅದು ಸಿಕ್ಕಿದ್ದು ಮೊದಲ ಸಲ. ಆಗಲೂ 'ಫಿಲ್ಮೇ ಇಲ್ಲ, ಇದೆಂಥ ಛಾಯಾಗ್ರಹಣ' ಅಂತ ಮೂಗು ಮುರಿದವರು ಇದ್ರು. ಈಗ ಆ ಪ್ರಶ್ನೆ ಯಾರೂ ಕೇಳುವುದಿಲ್ಲ.


ವಾಶಿ ಲೋಕಲ್:

ರಾತ್ರಿಪಾಳಿ, ಸೂರ್ಯನ್ನ ಮೌಸಲ್ಲಿ ಎಳೆಯೋದು ಅಂದ್ರಲ್ಲ ಅವ್ರು, ಅದು ಎಲ್ಲಿ ಇರಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಊಹೆನಾ?


ರಾತ್ರಿಪಾಳಿ:

ಊಹೆ ಅಲ್ಲ. ಪ್ರತಿ ಸೆಟಪ್ ಆದ ಮೇಲೆ ನಟರು ನಿಂತ ಜಾಗದಲ್ಲಿ ಎರಡು ಗುಂಡು ಹಿಡಿದು ಫೋಟೋ ತೆಗೀತಾರೆ. ಒಂದು ಬೂದು ಬಣ್ಣದ್ದು, ಮ್ಯಾಟ್. ಇನ್ನೊಂದು ಕ್ರೋಮ್, ಪಾಲಿಶ್ ಮಾಡಿದ ಸ್ಟೀಲ್ ಕೊಡದ ಹಾಗೆ. ಬೂದು ಗುಂಡಲ್ಲಿ ಬೆಳಕು ಎಷ್ಟು ಮೆದು, ನೆರಳು ಎಲ್ಲಿ ಶುರು ಅಂತ ತಿಳಿಯುತ್ತೆ. ಕ್ರೋಮ್ ಗುಂಡಲ್ಲಿ ಇಡೀ ಸೆಟ್ಟು ಕಾಣುತ್ತೆ: ದೀಪ, ಬಿಳಿ ಬಟ್ಟೆ, ಛತ್ರಿ, ಟ್ರಾಲಿ, ಬಿಸಿಲಿಗೆ ಟವೆಲ್ ಹೊದ್ದು ನಿಂತ ಲೈಟ್ ಹುಡುಗರು. ನಾವು ಹಾಕೋ ಬೆಳಕೆಲ್ಲಾ ಆ ಗುಂಡು ನೋಡ್ಕೊಂಡೇ.

ಈಗ ತೆರೆದಿರೋ ಶಾಟಿನ ಗುಂಡು ಇಲ್ಲಿ ಮುಂದೆ ಇದೆ. ಎಲ್ಲೋ 45 ಡಿಗ್ರಿ ಬಿಸಿಲಿನ ಊರು. ಬಲಗಡೆ ಅಂಚಿನ ಹತ್ರ ಕಡಲೆಕಾಳಿನಷ್ಟು ಒಬ್ಬ ಮನುಷ್ಯ ಕಾಣ್ತಾನೆ. ಕ್ಯಾಪ್ ಹಾಕಿದಾನೆ, ಕತ್ತಿಗೆ ಲೈಟ್ ಮೀಟರ್ ತೂಗಿದೆ, ಒಂದು ಕೈ ಮೇಲೆತ್ತಿ ಯಾರಿಗೋ ಬಿಳಿ ಬಟ್ಟೆ ಇನ್ನೂ ಸ್ವಲ್ಪ ಕೆಳಗೆ ಅಂತ ತೋರಿಸ್ತಿದಾನೆ. ಮುಖ ಕಾಣಲ್ಲ. ಹೆಸರು ಆ ದಿನದ ಶೂಟಿಂಗ್ ಕಾಲ್‌ಶೀಟಲ್ಲಿ ಇರಬೇಕು, ನಮಗೆ ಕಳಿಸಲ್ಲ.

ಬರ್ತೀನಿ. 212 ಫ್ರೇಮ್ ಇದೆ, ಬೆಳಗ್ಗೆ ನಾಲ್ಕಕ್ಕೆ ಕೊಡಬೇಕು. ನೋಟಲ್ಲಿ ಇಷ್ಟೇ ಬರೆದಿದಾರೆ: ಬಿಸಿಲು ಎಡಗಡೆಯಿಂದ, ತಗ್ಗಿನಲ್ಲಿ, ಬಟ್ಟೆ ಸೋಸಿದ್ದು.